ಮೀನುಗಳ ಪಂಚಾಂಗ

ಮಕ್ಕಳೇ, ಬನದ ಹುಣ್ಣಿಮೆ ಬಂತೆಂದರೆ ಸಿಂಧನೂರು ಸೀಮೆಯ ದಾರಿಗಳೆಲ್ಲ ಅಂಬಾಮಠದ ಕಡೆ ಮುಖ ಮಾಡುತ್ತವೆ. ಟ್ರ್ಯಾಕ್ಟರ್ ಏರಿ ಬರುವವರು, ಬಸ್ಸಿನಲ್ಲಿ ನಿಂತುಕೊಂಡೇ ಬರುವವರು, ಹರಕೆ ಹೊತ್ತು ನಡೆದು ಬರುವವರು. ಮಸ್ಕಿ ಕಡೆಯಿಂದ ಬರುತ್ತಾರೆ, ಲಿಂಗಸುಗೂರು ಕಡೆಯಿಂದ ಬರುತ್ತಾರೆ, ಹೊಳೆ ದಾಟಿಯೂ ಬರುತ್ತಾರೆ. ತೇರು ಎಳೆಯುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಮಿರ್ಚಿ ಮಂಡಾಳದ ವಾಸನೆ, ಪೀಪಿ ಸದ್ದು, ಅವ್ವನ ಸೆರಗು ಬಿಟ್ಟರೆ ಕಳೆದುಹೋಗುವ ಭಯ. ನಿಮಗೆಲ್ಲ ಗೊತ್ತೇ ಇದೆ.

ಈಗ ನನ್ನದೊಂದು ಪ್ರಶ್ನೆ. ಇಷ್ಟು ಮಂದಿಗೆ ಒಂದೇ ದಿನ, ಒಂದೇ ಜಾಗಕ್ಕೆ ಬನ್ನಿ ಎಂದು ಕರೆದವರು ಯಾರು? ಗೋಡೆಯ ಕ್ಯಾಲೆಂಡರ್ ಎನ್ನುತ್ತೀರಾ? ಕ್ಯಾಲೆಂಡರ್ ಇಲ್ಲದ ಕಾಲದಲ್ಲೂ ಜನ ಹೀಗೇ ಹುಣ್ಣಿಮೆಗೆ ಸೇರುತ್ತಿದ್ದರು. ಅವರನ್ನು ಕರೆಯುತ್ತಿದ್ದವನು ಚಂದ್ರ. ಅವನು ತುಂಬಿದನೆಂದರೆ ಸಾಕು, ಎಲ್ಲ ಊರಿಗೂ ಒಂದೇ ಹೊತ್ತಿಗೆ ಸುದ್ದಿ ಮುಟ್ಟುತ್ತಿತ್ತು. ಯಾಕೆಂದರೆ ಅವನು ಎಲ್ಲರ ಮಾಳಿಗೆಯ ಮೇಲೂ ಕಾಣುತ್ತಾನೆ.

ಇಂಥದ್ದೇ ಜಾತ್ರೆ ಕಡಲಿನೊಳಗೂ ನಡೆಯುತ್ತದೆ ಎಂದರೆ ನಂಬುತ್ತೀರಾ? ಅಲ್ಲಿ ಸೇರುವವು ಮೀನುಗಳು. ಅವುಗಳನ್ನೂ ಕರೆಯುವವನು ಇದೇ ಚಂದ್ರ. ಆ ಜಾತ್ರೆಯನ್ನು ನಿಮಗೆ ತೋರಿಸಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಬನ್ನಿ, ಕಣ್ಣು ಮುಚ್ಚಿಕೊಂಡೇ ಹೋಗಿಬರೋಣ.

ನಮ್ಮೂರಿಗೆ ಕಡಲು ದೂರ. ನಾವು ಕಂಡಿರುವ ದೊಡ್ಡ ನೀರೆಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಲಿಂಗಸುಗೂರಿನ ಮಕ್ಕಳಾದರೆ ಜಲದುರ್ಗದ ಹತ್ತಿರ ಹರಿಯುವ ಕೃಷ್ಣೆ. ಕಾಲುವೆಯ ಆಚೆ ದಂಡೆ ಕಾಣುತ್ತದೆ, ಅಲ್ಲಿ ಮೇಯುವ ಎಮ್ಮೆಯೂ ಕಾಣುತ್ತದೆ. ಕಡಲಿನ ದಂಡೆಯಲ್ಲಿ ನಿಂತರೆ ಆಚೆ ದಂಡೆಯೇ ಇಲ್ಲ. ನೀರು ಹೋಗುತ್ತಾ ಹೋಗುತ್ತಾ ಆಕಾಶಕ್ಕೆ ತಾಗಿಬಿಡುತ್ತದೆ. ಬೇಸಿಗೆಯಲ್ಲಿ ಬಟಾಬಯಲಾದ ಎರೆಹೊಲದ ನಡುವೆ ನಿಂತು ಸುತ್ತ ನೋಡಿದ್ದೀರಲ್ಲ? ಆ ಹೊಲವೆಲ್ಲ ನೀರಾಗಿದೆ ಎಂದುಕೊಳ್ಳಿ. ಅದೇ ಕಡಲು.

ಆ ನೀರಿನ ಕೆಳಗೆ ಕೆಲವು ಕಡೆ ಹವಳದ ದಿಬ್ಬಗಳಿವೆ. ಹವಳ ಎಂದಕೂಡಲೇ ನಿಮಗೆ ಅಜ್ಜಿಯ ಕೊರಳಿನ ಕೆಂಪು ಮಣಿ ನೆನಪಾದೀತು. ನಿಜವಾಗಿ ಹವಳವೊಂದು ಪುಟ್ಟ ಪ್ರಾಣಿ. ದಿಬ್ಬ ಕಟ್ಟುವ ಹವಳಗಳಲ್ಲಿ ಬಹಳಷ್ಟು ಕಾಳಿನಷ್ಟು ಚಿಕ್ಕವು. ಅದು ಕಡಲ ನೀರಿನಿಂದಲೇ ಸುಣ್ಣ ತೆಗೆದು ತನಗೊಂದು ಮನೆ ಕಟ್ಟಿಕೊಳ್ಳುತ್ತದೆ. ಅದು ಸತ್ತ ಮೇಲೆ ಆ ಮನೆಯ ಮೇಲೆ ಮರಿಗಳು ಮನೆ ಕಟ್ಟುತ್ತವೆ. ಹೊಲದ ಬದುವಿನಲ್ಲಿ ಗೆದ್ದಲು ಒಂದೊಂದೇ ಮಣ್ಣಿನ ಕಣ ತಂದು ಆಳೆತ್ತರದ ಹುತ್ತ ಎಬ್ಬಿಸುತ್ತದಲ್ಲ, ಹಾಗೆ. ಹವಳದ ದಿಬ್ಬ ಎಂದರೆ ಕಡಲಿನೊಳಗಿನ ಸುಣ್ಣದ ಹುತ್ತ.

ಹುತ್ತದಲ್ಲಿ ಹಾವು, ಇಲಿ, ಓತಿಕ್ಯಾತ ಸೇರಿಕೊಳ್ಳುವ ಹಾಗೆ ಹವಳದ ದಿಬ್ಬದ ಸಂದುಗೊಂದುಗಳಲ್ಲಿ ನೂರಾರು ಬಗೆಯ ಮೀನುಗಳು ಬಾಳುತ್ತವೆ. ನಮ್ಮ ಕರ್ನಾಟಕದಲ್ಲೇ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ನೇತ್ರಾಣಿ ಎಂಬ ನಡುಗಡ್ಡೆಯ ಸುತ್ತ ಹವಳಗಳಿವೆ. ಅಲ್ಲಿಂದ ಇನ್ನೂ ತೆಂಕಣ ದಿಕ್ಕಿಗೆ, ಕಡಲಿನ ನಡುವೆ ಲಕ್ಷದ್ವೀಪ ಇದೆ. ಆ ದ್ವೀಪಗಳು ನಿಂತಿರುವುದೇ ಹವಳದ ದಿಬ್ಬಗಳ ಮೇಲೆ. ಅವುಗಳಲ್ಲಿ ಬಿತ್ರಾ ಎಂಬ ಪುಟ್ಟ ದ್ವೀಪದ ಹೆಸರನ್ನು ನೆನಪಿಟ್ಟುಕೊಳ್ಳಿ. ಲಕ್ಷದ್ವೀಪದಲ್ಲಿ ಜನ ಊರು ಕಟ್ಟಿಕೊಂಡಿರುವ ದ್ವೀಪಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಬಿತ್ರಾ ಮತ್ತು ಅದರ ನೆರೆಯ ಅಮಿನಿದಿವಿ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಈಗ ಮೀನು ಮರಿ ಮಾಡುವುದು ಹೇಗೆಂದು ನೋಡೋಣ. ಕೋಳಿ ಮೊಟ್ಟೆ ಇಟ್ಟು ಅದರ ಮೇಲೆ ಕಾವು ಕೂರುತ್ತದೆ. ಹವಳದ ದಿಬ್ಬದ ಬಹಳಷ್ಟು ಮೀನುಗಳು ಹಾಗೆ ಮಾಡುವುದಿಲ್ಲ. ಹೆಣ್ಣು ಮೀನು ಸಾವಿರಗಟ್ಟಲೆ ಸಣ್ಣ ಮೊಟ್ಟೆಗಳನ್ನು ನೇರವಾಗಿ ನೀರಿಗೆ ಬಿಡುತ್ತದೆ. ಅದೇ ಗಳಿಗೆಯಲ್ಲಿ ಗಂಡು ಮೀನು ಹಾಲಿನಂಥ ಬಿಳಿ ದ್ರವವನ್ನು ನೀರಿಗೆ ಬಿಡುತ್ತದೆ. ಎರಡೂ ನೀರಿನಲ್ಲಿ ಕೂಡಿದರೆ ಮಾತ್ರ ಮೊಟ್ಟೆಯೊಳಗೆ ಮರಿ ಬೆಳೆಯುತ್ತದೆ.

ಇದನ್ನು ಸಜ್ಜೆ ಹೊಲದಲ್ಲಿ ನೀವು ನೋಡಿಯೇ ಇದ್ದೀರಿ. ಸಜ್ಜೆ ತೆನೆ ಹೂವಾಡುವಾಗ ಅದರ ಮೇಲೆ ಕೈಯಾಡಿಸಿದರೆ ಹಳದಿ ಹುಡಿ ಅಂಟುತ್ತದೆ. ಆ ಹುಡಿ ಗಾಳಿಯಲ್ಲಿ ಹಾರಿ ಇನ್ನೊಂದು ತೆನೆಯ ಹೂವಿಗೆ ಮುಟ್ಟಿದರೆ ಕಾಳು ಕಟ್ಟುತ್ತದೆ. ಹೊಲದಲ್ಲಿ ಒಂದೇ ಒಂದು ತೆನೆ ಇವತ್ತು ಹೂವಾಡಿ, ಉಳಿದವೆಲ್ಲ ಮುಂದಿನ ತಿಂಗಳು ಹೂವಾಡಿದರೆ ಆ ಹುಡಿಯೆಲ್ಲ ದಂಡ. ಅದಕ್ಕೇ ಇಡೀ ಹೊಲ ಹೆಚ್ಚುಕಡಿಮೆ ಒಟ್ಟಿಗೆ ಹೂವಾಡುತ್ತದೆ. ಸಜ್ಜೆಗೆ ಗಾಳಿ ಹೇಗೋ ಮೀನಿಗೆ ನೀರು ಹಾಗೆ. ಅಷ್ಟು ದೊಡ್ಡ ಕಡಲಿನಲ್ಲಿ ಗಂಡಿನದು ಹೆಣ್ಣಿನದಕ್ಕೆ ಸಿಗಬೇಕಾದರೆ ಎಲ್ಲರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸೇರಲೇಬೇಕು.

ಒಟ್ಟಿಗೆ ಸೇರುವುದರಲ್ಲಿ ಇನ್ನೊಂದು ಅನುಕೂಲವಿದೆ. ಅವ್ವ ಮಾಳಿಗೆಯ ಮೇಲೆ ಒಂದು ಬೊಗಸೆ ಜೋಳ ಒಣಗಲು ಹಾಕಿದರೆ ಏನಾಗುತ್ತದೆ? ಗುಬ್ಬಿಗಳು ಬಂದು ಒಂದು ಕಾಳೂ ಬಿಡದೆ ಮುಗಿಸುತ್ತವೆ. ಓಣಿಯವರೆಲ್ಲ ಒಂದೇ ದಿನ ತಮ್ಮ ತಮ್ಮ ಮಾಳಿಗೆಗಳ ತುಂಬ ಜೋಳ ಹರಡಿದರೆ? ಗುಬ್ಬಿಗಳು ಹೊಟ್ಟೆ ಬಿರಿಯ ತಿಂದರೂ ರಾಶಿ ಹಾಗೇ ಉಳಿಯುತ್ತದೆ. ಮೀನಿನ ಮೊಟ್ಟೆ ತಿನ್ನುವ ಬಾಯಿಗಳು ಹವಳದ ದಿಬ್ಬದಲ್ಲಿ ಲೆಕ್ಕವಿಲ್ಲದಷ್ಟಿವೆ. ಎಲ್ಲ ಮೀನುಗಳೂ ಒಂದೇ ಸಂಜೆ ಮೊಟ್ಟೆ ಬಿಟ್ಟರೆ ತಿಂದು ತೇಗಿದ ಮೇಲೂ ಬೇಕಾದಷ್ಟು ಮೊಟ್ಟೆ ಉಳಿಯುತ್ತದೆ.

ಹಾಗಾದರೆ ಆ ಸಂಜೆ ಯಾವುದು? ಅದನ್ನು ಗೊತ್ತು ಮಾಡಲು ಮೀನುಗಳ ಹತ್ತಿರ ಒಂದು ಪಂಚಾಂಗವಿದೆ. ಮನೆಯಲ್ಲಿ ಮದುವೆ ಗೊತ್ತು ಮಾಡುವಾಗ ಹಿರಿಯರು ಕೇಳುವುದನ್ನು ನೆನಪಿಸಿಕೊಳ್ಳಿ. ಯಾವ ಮಾಸ? ಯಾವ ತಿಥಿ? ಎಷ್ಟು ಗಳಿಗೆಗೆ? ಮೀನುಗಳೂ ಈ ಮೂರನ್ನೇ ನೋಡುತ್ತವೆ.

ಮೊದಲನೆಯದು ಮಾಸ. ಇದನ್ನು ಹೇಳುವವನು ಸೂರ್ಯ. ವರ್ಷದಲ್ಲಿ ಹಗಲು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಕಡಲ ನೀರು ಬೆಚ್ಚಗಾಗುತ್ತದೆ, ತಣ್ಣಗಾಗುತ್ತದೆ. ಎಳ್ಳಮಾವಾಸ್ಯೆಯ ಮುಂಜಾನೆ ಸ್ನಾನ ಮಾಡುವಾಗ ನಿಮ್ಮ ಚರ್ಮಕ್ಕೆ ಚಳಿಗಾಲ ಬಂದದ್ದು ಗೊತ್ತಾಗುವುದಿಲ್ಲವೇ? ಮೀನಿಗೂ ಹಾಗೇ ಮೈಯೆಲ್ಲ ನೀರಿನ ಬಿಸಿ ತಂಪು ತಿಳಿಯುತ್ತದೆ. ತನಗೆ ಒಗ್ಗುವ ತಿಂಗಳು ಹತ್ತಿರ ಬಂದಾಗ ಅದರ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿಯತೊಡಗುತ್ತವೆ.

ಎರಡನೆಯದು ತಿಥಿ. ಇದನ್ನು ಹೇಳುವವನು ಚಂದ್ರ. ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು 29 ದಿನ ಮತ್ತು ಅರ್ಧ ದಿನ. ಅಷ್ಟರಲ್ಲಿ ಚಂದ್ರ ಉಗುರಿನ ತುದಿಯಂತೆ ಹುಟ್ಟಿ, ಅರ್ಧ ರೊಟ್ಟಿಯಾಗಿ, ತುಂಬು ರೊಟ್ಟಿಯಾಗಿ, ಮತ್ತೆ ಕರಗಿ ಹೋಗುತ್ತಾನೆ. ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಮೇಲೇಳುವ ಚಂದ್ರ, ಮೂರು ದಿನ ಕಳೆದರೆ ನೀವು ಉಂಡು ಕೈತೊಳೆದ ಮೇಲೆ ಕಾಣಿಸಿಕೊಳ್ಳುತ್ತಾನೆ.

ಚಂದ್ರ ಬೆಳಕು ಕೊಡುವುದಷ್ಟೇ ಅಲ್ಲ, ಕಡಲನ್ನು ಎಳೆಯುತ್ತಾನೆ ಕೂಡ. ಹೋಳಿಗೆ ಮಾಡುವ ದಿನ ಅವ್ವನ ಹತ್ತಿರ ಒಂದು ಉಂಡೆ ಕಣಕ ಇಸಿದುಕೊಳ್ಳಿ. ಎರಡು ಕಡೆ ಹಿಡಿದು ಮೆಲ್ಲಗೆ ಜಗ್ಗಿ. ಉಂಡೆ ಉದ್ದವಾಗಿ ಎರಡು ತುದಿಗಳಲ್ಲಿ ಚಾಚಿಕೊಳ್ಳುತ್ತದೆ, ನಡುವೆ ಸಣ್ಣಗಾಗುತ್ತದೆ. ಚಂದ್ರನ ಸೆಳೆತದಿಂದ ಭೂಮಿಯ ಕಡಲುಗಳೂ ಹೀಗೇ ಎರಡು ಕಡೆ ಉಬ್ಬುತ್ತವೆ. ಚಂದ್ರನ ಕಡೆ ಒಂದು ಉಬ್ಬು, ಅದರ ಬೆನ್ನ ಕಡೆ ಇನ್ನೊಂದು ಉಬ್ಬು. ಭೂಮಿ ತಿರುಗುತ್ತಿರುವುದರಿಂದ ಹೆಚ್ಚಿನ ದಂಡೆಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಉಬ್ಬರ, ಇಳಿಯುವುದಕ್ಕೆ ಇಳಿತ ಎನ್ನುತ್ತಾರೆ.

ನಿಮ್ಮಲ್ಲಿ ಒಬ್ಬರಾದರೂ ಈಗ ಕೈ ಎತ್ತಿರುತ್ತೀರಿ: ಹಾಗಾದರೆ ನಮ್ಮ ಕೆರೆ ಯಾಕೆ ಉಬ್ಬುವುದಿಲ್ಲ? ಬಹಳ ಒಳ್ಳೆಯ ಪ್ರಶ್ನೆ. ಒಂದು ಕಡೆ ನೀರು ಏರಬೇಕಾದರೆ ಇನ್ನೊಂದು ಕಡೆಯಿಂದ ನೀರು ಹರಿದು ಬರಬೇಕು. ಕಡಲಿಗೆ ಸಾವಿರಾರು ಕಿಲೋಮೀಟರ್ ಆಚೆಯಿಂದ ನೀರು ಸರಿದು ಬರುತ್ತದೆ. ನಮ್ಮ ಕೆರೆ ಎಷ್ಟು ದೊಡ್ಡದಾದರೂ ಕಡಲಿನ ಮುಂದೆ ಒಂದು ಬಟ್ಟಲು. ಬಟ್ಟಲಿಗೆ ನೀರು ತಂದುಕೊಡುವವರು ಯಾರೂ ಇಲ್ಲ.

ಸೂರ್ಯನೂ ಕಡಲನ್ನು ಎಳೆಯುತ್ತಾನೆ. ಬಹಳ ದೂರದಲ್ಲಿರುವುದರಿಂದ ಉಬ್ಬರದಲ್ಲಿ ಅವನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆಗ ಇಬ್ಬರ ಸೆಳೆತವೂ ಕೂಡಿಕೊಂಡು ಉಬ್ಬರ ಜೋರಾಗುತ್ತದೆ. ಅಷ್ಟಮಿಯ ಸುಮಾರಿಗೆ ಒಬ್ಬ ಈ ಕಡೆ, ಇನ್ನೊಬ್ಬ ಅಡ್ಡಕ್ಕೆ ಎಳೆಯುತ್ತಾರೆ. ಬಂಡಿಯ ಎರಡು ಎತ್ತುಗಳಲ್ಲಿ ಒಂದು ಅಡ್ಡ ತಿರುಗಿದರೆ ಬಂಡಿ ಓಡುವುದೇ? ಆ ದಿನಗಳಲ್ಲಿ ಕಡಲು ಮೆತ್ತಗಿರುತ್ತದೆ.

ಇದರಿಂದ ಮೀನಿಗೇನು ಲಾಭ? ಕಾಲುವೆಗೆ ನೀರು ಬಿಟ್ಟ ದಿನ ಕಾಗದದ ದೋಣಿ ತೇಲಿಬಿಟ್ಟದ್ದು ನೆನಪಿದೆಯೇ? ನೀರು ನಿಂತಿದ್ದಾಗ ದೋಣಿ ಅಲ್ಲೇ ಗಿರಕಿ ಹೊಡೆಯುತ್ತಿತ್ತು. ನೀರು ಹರಿದಾಗ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಸೇತುವೆ ದಾಟಿ ಹೋಯಿತು. ಜೋರು ಉಬ್ಬರದ ನೀರು ಇಳಿದು ಹೊರಗೆ ಹರಿಯುವಾಗ ಬಿಟ್ಟ ಮೊಟ್ಟೆಗಳು ಹಾಗೇ ಹವಳದ ದಿಬ್ಬದಿಂದ ಆಚೆಗೆ, ತಿನ್ನುವ ಬಾಯಿಗಳು ಕಡಿಮೆ ಇರುವ ತೆರೆದ ಕಡಲಿಗೆ ತೇಲಿ ಹೋಗುತ್ತವೆ.

ಮೂರನೆಯದು ಗಳಿಗೆ. ಹವಳದ ದಿಬ್ಬದ ಎಷ್ಟೋ ಮೀನುಗಳು ಆರಿಸಿಕೊಳ್ಳುವುದು ಗೋಧೂಳಿಯ ಹೊತ್ತನ್ನು. ದನಗಳು ಹಟ್ಟಿಗೆ ಮರಳುವ ಹೊತ್ತಿನಲ್ಲಿ ಹಗಲು ತಿರುಗುವ ಮೀನುಗಳೂ ತಮ್ಮ ಸಂದುಗಳಿಗೆ ಮರಳುತ್ತಿರುತ್ತವೆ. ಮಬ್ಬಿನಲ್ಲಿ ಸಣ್ಣ ಮೊಟ್ಟೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೆಳಗಾಗುವುದರೊಳಗೆ ಮೊಟ್ಟೆಗಳು ಬಹುದೂರ ಸೇರಿರುತ್ತವೆ. ಮಾಸ, ತಿಥಿ, ಗಳಿಗೆ. ಮೂರೂ ಕೂಡಿದವು. ಇನ್ನು ಜಾತ್ರೆ ನೋಡೋಣ.

ಮೊದಲು ದೂರದ ಜಾತ್ರೆ. ಭೂಮಿಯ ಆಚೆ ಬದಿಯಲ್ಲಿ, ಪೆಸಿಫಿಕ್ ಕಡಲಿನಲ್ಲಿ ಫಕರಾವ ಎಂಬ ಹವಳದ ದ್ವೀಪವಿದೆ. ಉಂಗುರದಂತಿರುವ ಆ ದ್ವೀಪದ ತೆಂಕಣ ತುದಿಯಲ್ಲಿ ಒಂದು ಬಾಗಿಲಿದೆ, ಕಡಲ ನೀರು ಒಳಗೆ ಹೊರಗೆ ಓಡಾಡುವ ಕಿರಿದಾದ ದಾರಿ. ಮುರು ಮೀನು ಎಂದು ನಮ್ಮ ಕರಾವಳಿಯವರು ಕರೆಯುವ ಗ್ರೂಪರ್ ಜಾತಿಯ ಮೀನುಗಳು ವರ್ಷಕ್ಕೊಮ್ಮೆ ಆ ಬಾಗಿಲಿಗೆ ಬಂದು ಸೇರುತ್ತವೆ. ನಮ್ಮಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕಾಲ, ಜೂನ್ ಅಥವಾ ಜುಲೈ ಹುಣ್ಣಿಮೆ. ಸುಮಾರು 17,000 ಮೀನುಗಳು! ಅವುಗಳನ್ನು ಹಿಡಿಯಲು ನೂರಾರು ಶಾರ್ಕುಗಳೂ ಅಲ್ಲಿಗೆ ಬಂದಿರುತ್ತವೆ. ಹಾಗಿದ್ದರೂ ಮುರು ಮೀನುಗಳು ಜಾಗ ಬಿಟ್ಟು ಕದಲುವುದಿಲ್ಲ. ಹುಣ್ಣಿಮೆ ಬರುವ ತನಕ ಕಾಯುತ್ತವೆ.

ಇನ್ನು ಹತ್ತಿರದ ಜಾತ್ರೆ. ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯಿದೆ. ಆಗ ಅಲ್ಲಿದ್ದ ವಿಜ್ಞಾನಿ ರುಚಾ ಕರ್ಕರೆ ಮತ್ತು ಅವರ ಜೊತೆಗಾರರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬಿತ್ರಾದ ಕಡಲಿಗೆ ಇಳಿದರು. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ ಬಿತ್ರಾ. ಅಲ್ಲಿ ಅವರು ಇನ್ನೊಂದು ಜಾತಿಯ ಮುರು ಮೀನಿನ ಜಾತ್ರೆಯನ್ನು ನೋಡಿ ಬರೆದಿಟ್ಟರು. ಇದಕ್ಕೆ ಬಾಲದ ಅಂಚು ಕತ್ತರಿಸಿದಂತೆ ನೇರವಾಗಿರುತ್ತದೆ, ಮೈತುಂಬ ಚುಕ್ಕೆಗಳಿರುತ್ತವೆ. ಚಳಿಗಾಲದ ಅಮಾವಾಸ್ಯೆಯ ಆಸುಪಾಸಿನ ಕೆಲವೇ ದಿನ ಇವು ಒಂದೇ ಕಡೆ ಕಿಕ್ಕಿರಿದು ಸೇರುತ್ತವೆ. ಗಂಡುಗಳು ಒಂದೊಂದು ತುಂಡು ಜಾಗ ಹಿಡಿದುಕೊಂಡು, ಹತ್ತಿರ ಬಂದ ಗಂಡನ್ನು ಓಡಿಸುತ್ತವೆ. ಜಾತ್ರೆಯಲ್ಲಿ ಅಂಗಡಿ ಹಾಕಲು ನಾಲ್ಕು ಗೂಟ ನೆಟ್ಟು ಜಾಗ ಕಾಯುವವರನ್ನು ನೋಡಿದ್ದೀರಲ್ಲ, ಹಾಗೆ. ಕೆಲವು ದಿನ ಕಳೆದ ಮೇಲೆ ಹೋಗಿ ನೋಡಿದರೆ ಆ ಸಂದಣಿ ಇರುವುದಿಲ್ಲ.

ಒಂದು ಮಾತು ಗಮನಿಸಿದಿರಾ? ಫಕರಾವದ ಮೀನಿಗೆ ಹುಣ್ಣಿಮೆ, ಬಿತ್ರಾದ ಮೀನಿಗೆ ಅಮಾವಾಸ್ಯೆ. ಜಪಾನಿನ ಓಕಿನಾವಾ ದ್ವೀಪದ ಹತ್ತಿರ ಇರುವ ಬಂಗಾರದ ಚುಕ್ಕೆಯ ಒಂದು ಜಾತಿಗೆ ಶುಕ್ಲಪಕ್ಷದ ಅಷ್ಟಮಿಯ ಸುಮಾರು. ಅದನ್ನು ಮೊಲದ ಮೀನು ಎನ್ನುತ್ತಾರೆ, ಮೊಲದಂತೆ ಹುಲ್ಲು ಮೇಯುತ್ತದೆ. ಕಡಲ ಹುಲ್ಲು! ನಮ್ಮಲ್ಲೂ ಎಲ್ಲ ಜಾತ್ರೆಗಳು ಒಂದೇ ದಿನ ಇರುವುದಿಲ್ಲವಲ್ಲ. ಒಂದೊಂದು ಊರಿಗೆ ಒಂದೊಂದು ತಿಥಿ. ಮೀನುಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ತಿಥಿ.

ಹವಳಗಳಿಗೂ ತಿಥಿಯಿದೆ. ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬದಲ್ಲಿ 1981ರಲ್ಲಿ ಕೆಲವು ಎಳೆಯ ವಿಜ್ಞಾನಿಗಳು ರಾತ್ರಿ ಹೊತ್ತು ನೀರಿಗಿಳಿದು ನೋಡಿದರು. ಹುಣ್ಣಿಮೆ ಕಳೆದು ಕೆಲವು ರಾತ್ರಿಗಳಾಗಿದ್ದವು. ಎಷ್ಟೋ ಜಾತಿಯ ಹವಳಗಳು ಒಟ್ಟಿಗೆ ಸಾಸಿವೆ ಕಾಳಿನಷ್ಟು ಉಂಡೆಗಳನ್ನು ಮೇಲಕ್ಕೆ ಬಿಡುತ್ತಿದ್ದವು. ಮಳೆ ಕೆಳಗಿನಿಂದ ಮೇಲಕ್ಕೆ ಸುರಿದಂತೆ ಅವು ತೇಲಿ ಏರುತ್ತಿದ್ದವು. ಹವಳಕ್ಕೆ ನಮ್ಮಂಥ ಕಣ್ಣಿಲ್ಲ, ನಮ್ಮಂಥ ಮಿದುಳೂ ಇಲ್ಲ. ಆದರೂ ಅದಕ್ಕೆ ತಿಥಿ ತಪ್ಪುವುದಿಲ್ಲ.

ಮೀನಿಗೆ ತಿಥಿ ತಿಳಿಯುವುದು ಹೇಗೆ? ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಸೂರಿಗೊಂದು ಬೆಳಕಿಂಡಿ ಇರುತ್ತದೆ. ಒಲೆಯ ಮುಂದೆ ಕೂತ ಅಜ್ಜಿ ಅಂಗಳಕ್ಕೆ ಬರದೆಯೇ, ಬೆಳಕಿಂಡಿಯ ಕೋಲುಬಿಸಿಲು ಎಲ್ಲಿಗೆ ಬಂತೆಂದು ನೋಡಿ ಹೊತ್ತು ಹೇಳುತ್ತಾಳೆ. ಮೀನಿನ ತಲೆಯಲ್ಲೂ ಇಂಥದ್ದೊಂದು ಬೆಳಕಿಂಡಿ ಇದೆ. ಅದರ ನೆತ್ತಿಯ ಎಲುಬು ತೆಳುವಾಗಿದ್ದು, ಕೆಳಗೆ ಬೆಳಕನ್ನು ಗುರುತಿಸುವ ಕಾಳಿನಂಥ ಒಂದು ಅಂಗವಿದೆ. ಅದಕ್ಕೆ ಪೀನಿಯಲ್ ಗ್ರಂಥಿ ಎನ್ನುತ್ತಾರೆ. ಕತ್ತಲಾದಾಗ ಅದು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ಬೆಳಕಾದಾಗ ಕಡಿಮೆ ಮಾಡುತ್ತದೆ.

ಓಕಿನಾವಾದ ರ್ಯುಕ್ಯು ವಿಶ್ವವಿದ್ಯಾಲಯದವರು ಆ ಮೊಲದ ಮೀನುಗಳ ರಕ್ತವನ್ನು ಬೇರೆ ಬೇರೆ ರಾತ್ರಿ ಪರೀಕ್ಷೆ ಮಾಡಿದರು. ಅಮಾವಾಸ್ಯೆಯ ರಾತ್ರಿ ಮೆಲಟೋನಿನ್ ಹೆಚ್ಚಿತ್ತು, ಹುಣ್ಣಿಮೆಯ ರಾತ್ರಿ ಕಡಿಮೆ ಇತ್ತು. ಅಂದರೆ ಆ ತಣ್ಣನೆಯ ಬೆಳದಿಂಗಳೂ ಮೀನಿನ ಮೈಯೊಳಗೆ ಮುಟ್ಟುತ್ತದೆ! ರಾತ್ರಿಯಿಂದ ರಾತ್ರಿಗೆ ಬೆಳಕು ಏರಿ ಇಳಿಯುವುದನ್ನು ಮೀನಿನ ಮೈ ಹೀಗೆ ಲೆಕ್ಕ ಇಡುತ್ತದೆ. ಈ ಸಂಗತಿಯನ್ನು ಮೊದಲ ಸಲ ಓದಿದ ದಿನ ನಾನು ಮಾಳಿಗೆ ಹತ್ತಿ ಬಹಳ ಹೊತ್ತು ಬೆಳದಿಂಗಳಲ್ಲಿ ಕೂತಿದ್ದೆ.

ಬೆಳಕನ್ನು ಇಷ್ಟು ನಂಬಿದ ಜೀವಿಗೆ ನಾವು ಸುಳ್ಳು ಬೆಳಕು ತೋರಿಸಿದರೆ ಏನಾಗುತ್ತದೆ? ಕಡಲ ಹೂವಿನ ಎಸಳುಗಳ ನಡುವೆ ಬದುಕುವ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ನೀವು ಸಿನಿಮಾದಲ್ಲಿ ನೋಡಿರಬಹುದು. ಇದು ಮೊಟ್ಟೆಯನ್ನು ನೀರಿಗೆ ಬಿಡದೆ ಕಲ್ಲಿಗೆ ಅಂಟಿಸುತ್ತದೆ. ಅಪ್ಪ ಮೀನು ಅದರ ಮುಂದೆ ನಿಂತು, ಒಲೆಗೆ ಗಾಳಿ ಹಾಕುವವರಂತೆ ರೆಕ್ಕೆಯಿಂದ ಬೀಸುತ್ತಾ ಒಂದು ವಾರ, ಹತ್ತು ದಿನ ಕಾಯುತ್ತದೆ. ಕತ್ತಲಾದ ಮೇಲೆ ಮರಿಗಳು ಹೊರಬರುತ್ತವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಕೆಲವು ಮೊಟ್ಟೆಗಳ ಮೇಲೆ ರಾತ್ರಿಯಿಡೀ ವಿದ್ಯುತ್ ದೀಪ ಹಚ್ಚಿಟ್ಟು ನೋಡಿದರು. ಅವುಗಳಲ್ಲಿ ಒಂದೂ ಒಡೆಯಲಿಲ್ಲ ಎಂದು 2019ರಲ್ಲಿ ಬರೆದರು. ಮರಿಗಳು ಒಳಗೇ ಕತ್ತಲಿಗಾಗಿ ಕಾದವು, ಕತ್ತಲು ಬರಲೇ ಇಲ್ಲ. ದೀಪ ತೆಗೆದ ಮೇಲೆ ಆ ಮೀನುಗಳು ಇಟ್ಟ ಮೊಟ್ಟೆಗಳು ಎಂದಿನಂತೆ ಒಡೆದವು.

ನಮ್ಮ ಹೊಳೆ ಮೀನುಗಳ ಪಂಚಾಂಗವೂ ಹೀಗೇ ಇದೆಯೇ? ಮಾಸವಿದೆ, ಆದರೆ ತಿಥಿಯ ಜಾಗದಲ್ಲಿ ಮಳೆಯಿದೆ. ಕಾಟ್ಲಾ, ರೋಹು, ಮೃಗಾಲ ಮೀನುಗಳು ಮುಂಗಾರಿನಲ್ಲಿ ಹೊಳೆಗೆ ಕೆಂಪು ಹೊಸನೀರು ಬಂದು ದಂಡೆ ಮುಳುಗಿದಾಗ ಮೊಟ್ಟೆ ಇಡುತ್ತವೆ. ಹೊಲದಲ್ಲಿ ಅಪ್ಪ ಮುಗಿಲು ನೋಡಿ ಕೂರಿಗೆ ಹೂಡುವ ಹಾಗೆ ಅವು ನೀರು ನೋಡಿ ಹೊರಡುತ್ತವೆ. ನಿಂತ ಹೊಂಡದಲ್ಲಿ ಎಷ್ಟು ಚೆನ್ನಾಗಿ ಸಾಕಿದರೂ ತಾವಾಗಿ ಮೊಟ್ಟೆ ಇಡುತ್ತಿರಲಿಲ್ಲ. ಹೊಸನೀರಿನ ಕರೆ ಬರಲಿಲ್ಲವಲ್ಲ! 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಂದು ಸೂಜಿಮದ್ದಿನಿಂದ ಆ ಕರೆಯನ್ನು ಮೀನಿನ ಮೈಯೊಳಗೆ ಮುಟ್ಟಿಸಿದರು, ಹೊಂಡದ ಮೀನು ಮೊಟ್ಟೆ ಇಟ್ಟಿತು. ಇವತ್ತಿಗೂ ಜುಲೈ 10 ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನ. ಸಿಂಧನೂರಿನ ಬಂಗಾಳಿ ಕ್ಯಾಂಪಿನ ಗೆಳೆಯರಿದ್ದರೆ ಅವರ ಮನೆಯ ಹಿರಿಯರ ಹತ್ತಿರ ರೋಹುವಿನ ಬಗ್ಗೆ ಕೇಳಿ. ರುಯಿ ಎಂದು ಪ್ರೀತಿಯಿಂದ ಕರೆದು, ಕಥೆ ಹೇಳುತ್ತಾರೆ.

ಇನ್ನೊಂದು ಕಷ್ಟದ ಸಂಗತಿಯನ್ನೂ ಹೇಳಬೇಕು. ಮೀನುಗಳು ಪ್ರತಿವರ್ಷ ಅದೇ ಜಾಗಕ್ಕೆ, ಅದೇ ತಿಥಿಗೆ ಬರುತ್ತವೆ ಎಂದು ಗೊತ್ತಾದರೆ ಬಲೆ ಹಾಕುವವರಿಗೂ ಅದು ಗೊತ್ತಾಗುತ್ತದೆ. ಅಮೆರಿಕದ ಬಳಿಯ ಕೆರಿಬಿಯನ್ ಕಡಲಿನಲ್ಲಿ ನಸಾವು ಎಂಬ ಜಾತಿಯ ಮುರು ಮೀನಿನ ಜಾತ್ರೆಗಳು ಹೀಗೇ ಒಂದೊಂದಾಗಿ ಬರಿದಾದವು. ಬಿತ್ತನೆಗೆಂದು ಮಡಕೆಯಲ್ಲಿ ಎತ್ತಿಟ್ಟ ಬೀಜವನ್ನೇ ಬೇಯಿಸಿ ಉಂಡರೆ ಮುಂದಿನ ವರ್ಷ ಹೊಲಕ್ಕೆ ಏನು ಹಾಕುವುದು? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನು ಹಿಡಿಯುವ ಹಾಗಿಲ್ಲ. ಅದು ಮೀನುಗಳಿಗೆ ನಾವು ಬಿಟ್ಟುಕೊಟ್ಟ ಕಾಲ.

ಮೀನಿಗೆ ಹೀಗೆ ಬಿಡುವು ಕೊಟ್ಟವರಲ್ಲಿ ಬಹಳ ಹಳಬರೊಬ್ಬರ ಹೆಸರು ನಮ್ಮ ಮಸ್ಕಿಯ ಬೆಟ್ಟದಲ್ಲಿದೆ. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅಲ್ಲಿ ಒಂದು ಬಂಡೆಯ ಬರಹವನ್ನು ಕಂಡರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅದೇ ಅಶೋಕ ಚಕ್ರವರ್ತಿ ಪಟ್ಟಕ್ಕೆ ಬಂದು 26 ವರ್ಷವಾದಾಗ ಬರೆಸಿದ ಕಂಬದ ಶಾಸನವೊಂದು ಇಂದು ದೆಹಲಿಯಲ್ಲಿದೆ. ಕೆಲವು ಹುಣ್ಣಿಮೆಗಳಂದು, ಅವುಗಳ ಹಿಂದುಮುಂದಿನ ದಿನಗಳಂದು ಮತ್ತು ಉಪವಾಸದ ದಿನಗಳಂದು ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ಅದು ಹೇಳುತ್ತದೆ. ಅಶೋಕನಿಗೆ ಇದು ದಯೆಯ ಮಾತು, ಉಪವಾಸ ವ್ರತದ ಮಾತು. ಆ ಹುಣ್ಣಿಮೆಗಳಲ್ಲಿ ಒಂದಕ್ಕೆ ಶಾಸನ ತಿಷ್ಯ ಹುಣ್ಣಿಮೆ ಎನ್ನುತ್ತದೆ. ತಿಷ್ಯ ಎಂದರೆ ಪುಷ್ಯದ ಹಳೆಯ ಹೆಸರು. ಪುಷ್ಯ ಮಾಸದ ಹುಣ್ಣಿಮೆ ಯಾವುದು ಹೇಳಿ? ನಾವು ಅಂಬಾಮಠಕ್ಕೆ ಹೋಗುವ ಬನದ ಹುಣ್ಣಿಮೆಯೇ!

ಈಗ ನಿಮಗೊಂದು ಕೆಲಸ. ನೋಟುಬುಕ್ಕಿನ ಒಂದು ಹಾಳೆಯಲ್ಲಿ 30 ಮನೆ ಗೀಚಿ. ದಿನವೂ ಸಂಜೆ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕಿ, ಕಂಡ ಆಕಾರವನ್ನು ಒಂದು ಮನೆಯಲ್ಲಿ ಬರೆಯಿರಿ, ಕಂಡ ಹೊತ್ತನ್ನೂ ಬರೆಯಿರಿ. ಕಾಣದಿದ್ದರೆ ಮನೆಯನ್ನು ಖಾಲಿ ಬಿಡಿ, ಅದೂ ಒಂದು ಲೆಕ್ಕವೇ. ಎರಡನೆಯ ತಿಂಗಳು ಗೋಡೆಯ ಕ್ಯಾಲೆಂಡರನ್ನು ಗೋಡೆಯ ಕಡೆ ತಿರುಗಿಸಿಟ್ಟು, ಬರೀ ಚಂದ್ರನನ್ನು ನೋಡಿ ತಿಥಿ ಹೇಳಲು ಪ್ರಯತ್ನಿಸಿ. ಒಂದೆರಡು ದಿನ ತಪ್ಪಬಹುದು. ಮೋಡ ಕವಿದ ದಿನ ಮೀನು ಏನು ಮಾಡುತ್ತಿರಬಹುದು ಎಂದು ಆಗ ನಿಮಗೇ ಯೋಚನೆ ಬರುತ್ತದೆ. ಆ ಯೋಚನೆ ಬಂದ ದಿನ ನೀವು ವಿಜ್ಞಾನಿಗಳ ಸಾಲಿಗೆ ಸೇರಿದಿರಿ ಎಂದು ತಿಳಿಯಿರಿ.

ಮುಂದಿನ ಬನದ ಹುಣ್ಣಿಮೆಗೆ ತೇರು ನೋಡಿ ಮನೆಗೆ ಮರಳುವಾಗ ಟ್ರ್ಯಾಕ್ಟರಿನಲ್ಲಿ ಕೂತು ಒಮ್ಮೆ ತಲೆ ಎತ್ತಿ. ತುಂಬಿದ ಚಂದ್ರ ನಿಮ್ಮ ಜೊತೆಗೇ ಬರುತ್ತಿರುತ್ತಾನೆ. ಅಲ್ಲಿಂದ ಬೆರಳು ಮಡಿಚಿ ಎಣಿಸಿ. ಅವನು ದಿನಕ್ಕಿಷ್ಟು ಸವೆಯುತ್ತಾ ಹದಿನೈದನೆಯ ದಿನದ ಹೊತ್ತಿಗೆ ಪೂರ್ತಿ ಮರೆಯಾಗುತ್ತಾನೆ. ನಮ್ಮೂರ ಓಣಿ ಕತ್ತಲಾಗುತ್ತದೆ, ಸುಮಾರು 700 ಕಿಲೋಮೀಟರ್ ಆಚೆ ಬಿತ್ರಾದ ಕಡಲೂ ಕತ್ತಲಾಗುತ್ತದೆ. ಚಳಿಗಾಲದ ಆ ಅಮಾವಾಸ್ಯೆಯ ಆಸುಪಾಸಿನಲ್ಲಿ ಚುಕ್ಕೆ ಮೈಯ ಮುರು ಮೀನುಗಳು ತಮ್ಮ ಜಾತ್ರೆಗೆ ಹೊರಟಿರುತ್ತವೆ. ನೀವು ಎಣಿಸಿದ ದಿನಗಳನ್ನೇ ಅವೂ ಎಣಿಸಿರುತ್ತವೆ.